ದೇಶಕ್ಕೆ ದೇಹ ಕೊಟ್ಟವನಿಗೆ ಕನ್ನಡದಲ್ಲೊಂದು ಕಾಗದ ಕೊಡಲಾರಿರಾ?



ಗಡಿಯಲ್ಲಿ ನಮ್ಮ ನಾಡಿನ ಹುಡುಗನೊಬ್ಬ ಪ್ರಾಣ ಬಿಟ್ಟನೆಂಬ ಸುದ್ದಿ ಬಂದ ರಾತ್ರಿ ನನ್ನ ಪ್ರೆಸ್ಸಿನ ಬಾಗಿಲು ಮುಚ್ಚುವುದಿಲ್ಲ. ಸಂಘದವರು, ಪಕ್ಷದವರು, ಆಟೋ ನಿಲ್ದಾಣದವರು ಒಬ್ಬರ ಹಿಂದೊಬ್ಬರು ಬರುತ್ತಾರೆ. ಎಲ್ಲರಿಗೂ ಬೆಳಗಾಗುವುದರೊಳಗೆ ಶ್ರದ್ಧಾಂಜಲಿ ಬ್ಯಾನರು ಬೇಕು. 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹೂತುಹೋಗಿ, ಜೀವಂತವಾಗಿ ಹೊರಬಂದು, ಕೊನೆಗೆ ದೆಹಲಿಯ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದ ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ಅದು ಸರಿಯೇ. ಸತ್ತವರಿಗೆ ಮಾಡುವ ಗೌರವದಲ್ಲಿ ನಮ್ಮ ಜನ ಎಂದೂ ಹಿಂದೆ ಬಿದ್ದವರಲ್ಲ.

ಆದರೆ ಸಾಯದೆ ಉಳಿದವರ ಕಥೆ ಏನು? ಕಾಲು ಕಳೆದುಕೊಂಡವನು, ಕಿವಿ ಕೇಳದಾದವನು, ಸೊಂಟ ಮುರಿದುಕೊಂಡವನು, ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಕೂಗುವವನು ಊರಿಗೆ ಬಂದಾಗ ಯಾವ ಬ್ಯಾನರೂ ಏಳುವುದಿಲ್ಲ. ಇಪ್ಪತ್ತು ವರ್ಷದಿಂದ ಪ್ರೆಸ್ಸು ನಡೆಸುತ್ತಿದ್ದೇನೆ. ಅಂಗವಿಕಲನಾಗಿ ಮರಳಿದ ಯೋಧನೊಬ್ಬನಿಗೆ ಸ್ವಾಗತ ಕೋರುವ ಒಂದು ಕರಪತ್ರವನ್ನೂ ನಾನು ಹೊಡೆದಿಲ್ಲ. ಅವನಿಗೆ ಸರ್ಕಾರ ಕೊಡಬೇಕಾದುದೇನು, ಅದು ಅವನ ಕೈ ಸೇರಿತೇ, ಸೇರದಿದ್ದರೆ ಯಾಕೆ ಸೇರಲಿಲ್ಲ ಎಂದು ಕೇಳುವವರಿಲ್ಲ. ಈ ಸಂಚಿಕೆಯಲ್ಲಿ ಆ ಪ್ರಶ್ನೆ ಕೇಳಲೇಬೇಕಾಗಿದೆ.

ಲಗ್ನಪತ್ರಿಕೆಗೆ ಬಂದ ಹವಾಲ್ದಾರರು

ಕಳೆದ ಮಾಘದಲ್ಲಿ ನಮ್ಮ ಪಕ್ಕದ ಹಳ್ಳಿಯ ನಿವೃತ್ತ ಹವಾಲ್ದಾರರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ನನ್ನಲ್ಲಿಗೆ ಬಂದರು. ವಯಸ್ಸು ಐವತ್ತೂ ಆಗಿಲ್ಲ, ಕೈಯಲ್ಲಿ ಊರುಗೋಲು. ವರ್ಷಗಟ್ಟಲೆ ಹಿಮಾಲಯದ ದಾರಿಗಳಲ್ಲಿ ಸೇನೆಯ ಲಾರಿ ಓಡಿಸಿದವರು. ಸರಕು ಹೊತ್ತ ಲಾರಿ, ಕಲ್ಲುದಾರಿ, ಕೊರೆಯುವ ಚಳಿ. ಬೆನ್ನುಮೂಳೆ ಸವೆದು, ಎಡಗಾಲು ಮರಗಟ್ಟಿ, ಕೊನೆಗೆ ಅವಧಿ ಮುಗಿಸಿ ಮನೆಗೆ ಬಂದರು. ನಿಲ್ಲಲಾರದೆ ಕುರ್ಚಿ ಎಳೆದುಕೊಂಡು ಕೂತರು.

ಮನೆದೇವರ ಹೆಸರು, ಆಹ್ವಾನಿತರ ಪಟ್ಟಿ ಎಲ್ಲ ಬರೆಸಿದ ಮೇಲೆ ಅಂಗಿಯ ಜೇಬಿನಿಂದ ಮಡಿಚಿದ ಕಾಗದವೊಂದನ್ನು ತೆಗೆದು, "ನೀನು ದಿನಾ ಅಕ್ಷರದ ಜೊತೆ ಇರೋನು, ಇದೊಂಚೂರು ಓದಿ ಹೇಳಪ್ಪಾ" ಎಂದರು. ಪೂರ್ತಿ ಇಂಗ್ಲಿಷು. ಆರು ವರ್ಷದ ಹಿಂದಿನ ತಾರೀಖು. ಮಡಿಕೆಯ ಜಾಗದಲ್ಲಿ ಹರಿದಿತ್ತು.

"ಇಷ್ಟು ದಿನ ಯಾರ ಹತ್ರಾನೂ ಓದಿಸಲಿಲ್ವಾ ಅಣ್ಣಾ?" ಎಂದೆ.

"ಓದಿಸ್ದೆ. ನಿಮ್ಮ ಪಿಂಚಣಿ ಪೇಪರ್ರು, ಜೋಪಾನವಾಗಿ ಇಟ್ಕೊಳ್ಳಿ ಅಂದ್ರು. ಟ್ರಂಕಿನಲ್ಲಿ ಇಟ್ಟಿದ್ದೆ. ಇದರಲ್ಲಿ ನಾನಾ ಅಂತ ಬರೆದವ್ರಲ್ಲ, ನಾನಾ ಥರದ ಕಾಯಿಲೆ ಇದೆ ಅಂತಾನಾ?"

ನಾನು ಓದಿರುವುದು ಪಿಯುಸಿ. ನಿಘಂಟು ಪಕ್ಕಕ್ಕಿಟ್ಟುಕೊಂಡು, ಪರಿಚಯದ ವಕೀಲರೊಬ್ಬರಿಗೆ ಫೋನು ಮಾಡಿ, ಆ ಒಂದು ಪುಟ ಅರ್ಥ ಮಾಡಿಕೊಳ್ಳಲು ನನಗೆ ಒಂದು ಗಂಟೆ ಹಿಡಿಯಿತು. ಅದರಲ್ಲಿದ್ದುದು ಇಷ್ಟು: ನಿಮ್ಮ ಅಂಗವೈಕಲ್ಯ ಶೇಕಡಾ 30. ಆದರೆ ಅದು ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಆದ್ದರಿಂದ ಅಂಗವಿಕಲ ಪಿಂಚಣಿ ಇಲ್ಲ. ಒಪ್ಪಿಗೆಯಿಲ್ಲದಿದ್ದರೆ ಆರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಆರು ತಿಂಗಳು! ಕಾಗದ ಆರು ವರ್ಷ ಟ್ರಂಕಿನಲ್ಲಿತ್ತು. ತಮ್ಮ ಅರ್ಜಿ ತಿರಸ್ಕೃತವಾಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಬರುತ್ತಿದ್ದ ಸೇವಾ ಪಿಂಚಣಿಯೇ ಎಲ್ಲವೂ ಎಂದು ತಿಳಿದು ಸುಮ್ಮನಿದ್ದರು.

ನನ್ನ ಪ್ರೆಸ್ಸಿನಲ್ಲಿ ಒಂದು ನಿಯಮವಿದೆ. ಐನೂರು ಲಗ್ನಪತ್ರಿಕೆ ಆಗಲಿ, ಐವತ್ತು ಆಗಲಿ, ಮೊದಲು ಪ್ರೂಫ್ ಕೊಡುತ್ತೇನೆ. ಗಿರಾಕಿ ಓದಿ, ಅರ್ಥ ಮಾಡಿಕೊಂಡು, ಸರಿಯಿದೆ ಎಂದು ಸಹಿ ಹಾಕದೆ ಯಂತ್ರ ತಿರುಗಿಸುವುದಿಲ್ಲ. ಒಂದಕ್ಷರ ತಪ್ಪಿದರೆ ಮದುವೆ ಒಂದೂರಲ್ಲಿ, ನೆಂಟರು ಇನ್ನೊಂದೂರಲ್ಲಿ! ಒಂದು ದಿನದ ಮದುವೆಗೆ ನಾವು ಇಷ್ಟು ಎಚ್ಚರ ವಹಿಸುತ್ತೇವೆ. ಒಬ್ಬ ಯೋಧನ ಉಳಿದ ಆಯಸ್ಸಿನ ಅನ್ನವನ್ನು ತೀರ್ಮಾನಿಸುವ ಕಾಗದವನ್ನು ಮಾತ್ರ ಅವನಿಗೆ ಓದಲು ಬಾರದ ಭಾಷೆಯಲ್ಲಿ ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ. ಇದು ಯಾವ ನ್ಯಾಯ?

'ನಾನಾ' ಎಂಬ ನಾಲ್ಕಕ್ಷರದ ತೀರ್ಪು

ಓದುಗರು ಇದನ್ನು ಸ್ವಲ್ಪ ತಾಳ್ಮೆಯಿಂದ ತಿಳಿಯಬೇಕು. ಸೇನೆಯಿಂದ ಬಿಡುಗಡೆಯಾಗುವಾಗ ಕಾಯಿಲೆ ಅಥವಾ ಗಾಯ ಇರುವ ಪ್ರತಿಯೊಬ್ಬರನ್ನೂ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಿಸುತ್ತಾರೆ. ಮಂಡಳಿ ಮುಖ್ಯವಾಗಿ ಎರಡು ವಿಷಯ ಬರೆಯುತ್ತದೆ. ಒಂದು, ಅಂಗವೈಕಲ್ಯ ಶೇಕಡಾ ಎಷ್ಟು. ಎರಡು, ಅದಕ್ಕೆ ಸೇನಾ ಸೇವೆ ಕಾರಣವೇ, ಅಥವಾ ಮೊದಲೇ ಇದ್ದುದು ಸೇವೆಯಿಂದ ಉಲ್ಬಣವಾಯಿತೇ. ಸಾಮಾನ್ಯವಾಗಿ ಶೇಕಡಾ 20ಕ್ಕೆ ಕಡಿಮೆಯಿಲ್ಲದಿದ್ದು, ಎರಡನೆಯ ಪ್ರಶ್ನೆಗೂ ಹೌದು ಎಂಬ ಉತ್ತರ ಬಂದರೆ ಅಂಗವಿಕಲ ಪಿಂಚಣಿ ಸಿಗುತ್ತದೆ. ಎರಡೂ ಅಲ್ಲ ಎಂದರೆ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರ ಸೇರಿಸಿ 'ನಾನಾ' ಎಂದು ಬರೆಯುತ್ತಾರೆ. ಆ ನಾಲ್ಕಕ್ಷರ ಬಿದ್ದರೆ ಯೋಧನ ಕಥೆ ಮುಗಿಯಿತು.

ಮುಗಿಯಬೇಕಾಗಿಲ್ಲ ಎಂದು ದೇಶದ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. 2013ರ ಜುಲೈನಲ್ಲಿ ಧರಮ್‌ವೀರ್ ಸಿಂಗ್ ಎಂಬ ಯೋಧನ ಪ್ರಕರಣದಲ್ಲಿ, ಅಂಗವಿಕಲ ಪಿಂಚಣಿಯ 1982ರ ನಿಯಮಗಳನ್ನು ಪರಿಶೀಲಿಸಿ ನ್ಯಾಯಾಲಯ ತೀರ್ಪು ಕೊಟ್ಟಿತು. ಸೇರುವಾಗ ಯಾವ ಕಾಯಿಲೆಯೂ ದಾಖಲಾಗಿಲ್ಲದೆ, ಮುಂದೆ ಅನಾರೋಗ್ಯದ ಕಾರಣಕ್ಕೇ ಸೇನೆಯಿಂದ ಬಿಡುಗಡೆಯಾದರೆ, ಅದು ಸೇವೆಯಿಂದ ಬಂತೆಂದೇ ಭಾವಿಸಬೇಕು. ಅಲ್ಲ ಎನ್ನುವುದಾದರೆ ಅದನ್ನು ತೋರಿಸುವ ಹೊಣೆ ಸರ್ಕಾರದ್ದು, ಯೋಧನದಲ್ಲ. ವೈದ್ಯಕೀಯ ಮಂಡಳಿ ಕಾರಣ ಬರೆಯಬೇಕು. ಮರುವರ್ಷ, 2014ರಲ್ಲಿ, ಸುಖ್ವಿಂದರ್ ಸಿಂಗ್ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಮಾತು ಹೇಳಿತು: ಅಂಗವೈಕಲ್ಯದ ಕಾರಣಕ್ಕೆ ಒಬ್ಬನನ್ನು ಅರ್ಧದಲ್ಲೇ ಮನೆಗೆ ಕಳಿಸುತ್ತೀರಿ ಎಂದರೆ ಆ ಅಂಗವೈಕಲ್ಯ ಶೇಕಡಾ 20ಕ್ಕಿಂತ ಹೆಚ್ಚು ಎಂದೇ ತಿಳಿಯಬೇಕು.

ನಿಮ್ಮ ಊರಿನ ಯಾವ ಮಾಜಿ ಸೈನಿಕನಿಗೆ ಈ ತೀರ್ಪುಗಳು ಗೊತ್ತಿವೆ? ಯಾರು ಅವನಿಗೆ ಕನ್ನಡದಲ್ಲಿ ಹೇಳಿದ್ದಾರೆ?

ಲೆಕ್ಕ ಹಾಕೋಣ ಬನ್ನಿ

ಇದು ಬರೀ ಅಭಿಮಾನದ ಮಾತಲ್ಲ, ಹೊಟ್ಟೆಯ ಮಾತು. ಪೆನ್ಸಿಲು ಹಿಡಿದು ಲೆಕ್ಕ ಹಾಕೋಣ.

ನೂರಕ್ಕೆ ನೂರು ಅಂಗವೈಕಲ್ಯ ಇದ್ದರೆ, ಸೇವಾ ಪಿಂಚಣಿಯ ಜೊತೆಗೆ, ಕೊನೆಯಲ್ಲಿ ಪಡೆದ ವೇತನದ ಶೇಕಡಾ 30ರಷ್ಟನ್ನು ಅಂಗವೈಕಲ್ಯದ ಬಾಬ್ತು ಎಂದು ಕೊಡಬೇಕು. ಅಂಗವೈಕಲ್ಯ ಕಡಿಮೆಯಾದಂತೆ ಈ ಬಾಬ್ತೂ ಕಡಿಮೆಯಾಗುತ್ತದೆ. ಆದರೆ ಇಲ್ಲೊಂದು ಅನುಕೂಲವಿದೆ. ಶೇಕಡಾ 50ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಎಂದು, 50ರಿಂದ 75ರವರೆಗೆ ಇದ್ದರೆ 75 ಎಂದು, ಅದಕ್ಕೂ ಮೇಲಿದ್ದರೆ 100 ಎಂದು ಏರಿಸಿ ಹಿಡಿಯುವ ಪದ್ಧತಿ ಅದು. 1996ರ ಜನವರಿಯಿಂದ ಅನ್ವಯವಾಗುವಂತೆ ಬಂದ ಈ ಸೌಲಭ್ಯವನ್ನು ಅಂಗವೈಕಲ್ಯದಿಂದ ಅರ್ಧದಲ್ಲೇ ಹೊರಬಂದವರಿಗೆ ಮಾತ್ರ ಎಂದು ಸರ್ಕಾರ ವಾದಿಸುತ್ತಿತ್ತು. ಅವಧಿ ಮುಗಿಸಿ ನಿವೃತ್ತರಾದ ಅಂಗವಿಕಲರಿಗೂ ಅದು ಸಲ್ಲಬೇಕು ಎಂಬುದನ್ನು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ನಮ್ಮ ಹವಾಲ್ದಾರರಿಗೆ ಕೊನೆಯ ವೇತನ, ತುಟ್ಟಿಭತ್ಯೆ ಬಿಟ್ಟು, ಸುಮಾರು 40,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಶೇಕಡಾ 30 ಅಂದರೆ 12,000. ಅವರ ಅಂಗವೈಕಲ್ಯ 30. ಏರಿಸಿ ಹಿಡಿದರೆ 50. ಹಾಗಾದರೆ ತಿಂಗಳಿಗೆ 6,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ ಬೇರೆ. ಆರು ವರ್ಷಕ್ಕೆ ತುಟ್ಟಿಭತ್ಯೆ ಬಿಟ್ಟೇ 4,32,000 ರೂಪಾಯಿ ಆಯಿತು.

ಈಗ ಹೋರಾಡಿ ಗೆದ್ದರೆ ಇದೆಲ್ಲ ಬರುತ್ತದೆಯೇ? ಇಲ್ಲ. ಪಿಂಚಣಿ ತಪ್ಪಿಸಿದ್ದು ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯವಾದ್ದರಿಂದ ತಡವಾದರೂ ಕೇಳಬಹುದು. ಆದರೆ ಹಿಂದಿನ ಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷಕ್ಕೆ ಮಾತ್ರ ಕೊಡಬೇಕು ಎಂದು 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಎಂದರೆ ಮೊಕದ್ದಮೆ ಪೂರ್ತಿ ಗೆದ್ದರೂ ಹವಾಲ್ದಾರರ ಮೂರು ವರ್ಷದ 2,16,000 ರೂಪಾಯಿ ಹೋದದ್ದು ಹೋದದ್ದೇ. ಓದಲು ಬಾರದ ಒಂದು ಪುಟಕ್ಕೆ ಅವರು ತೆತ್ತ ಬೆಲೆ ಅದು. ಮಗಳ ಮದುವೆಗೆ ಅವರು ಕೈಸಾಲ ಮಾಡಿದ್ದರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಗೊತ್ತಿಲ್ಲದೆ ತಪ್ಪಿಹೋಗುವುದು ಇದೊಂದೇ ಅಲ್ಲ. ನೂರಕ್ಕೆ ನೂರು ಅಂಗವಿಕಲನಾಗಿ, ಮತ್ತೊಬ್ಬರ ಆಸರೆಯಿಲ್ಲದೆ ಏಳಲಾರದವನಿಗೆ ನೋಡಿಕೊಳ್ಳುವವರ ಭತ್ಯೆ ಎಂದು ಪ್ರತ್ಯೇಕ ಹಣವಿದೆ. 2017ರ ಜುಲೈಯಿಂದ ಅದನ್ನು ತಿಂಗಳಿಗೆ 6,750 ರೂಪಾಯಿ ಎಂದು ನಿಗದಿ ಮಾಡಲಾಯಿತು. ತುಟ್ಟಿಭತ್ಯೆ ಶೇಕಡಾ 50 ಏರಿದಾಗಲೆಲ್ಲ ಇದೂ ಕಾಲುಭಾಗ ಏರಬೇಕು. ಯುದ್ಧದಲ್ಲಿ ಗಾಯಗೊಂಡವರಿಗೆ ಸಾಮಾನ್ಯ ಅಂಗವಿಕಲ ಪಿಂಚಣಿಗಿಂತ ಹೆಚ್ಚಿನ ಯುದ್ಧಗಾಯ ಪಿಂಚಣಿ ಇದೆ. ಕೃತಕ ಕೈಕಾಲಿಗೆ ಪುಣೆಯಲ್ಲಿ 1944ರಿಂದ ಸೇನೆಯದೇ ಕೇಂದ್ರವಿದೆ. ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರಿಗೆ ಖಡ್ಕಿಯಲ್ಲೂ ಮೊಹಾಲಿಯಲ್ಲೂ ಪುನರ್ವಸತಿ ಕೇಂದ್ರಗಳಿವೆ. ಅಂಗವಿಕಲ ಯೋಧರಿಗೆ ಕಸುಬು ಕಲಿಸುವ ಸಂಸ್ಥೆ ಖಡ್ಕಿಯಲ್ಲಿದೆ. ಕೇಂದ್ರದ ಸಾರ್ವಜನಿಕ ಉದ್ದಿಮೆಗಳ, ರಾಷ್ಟ್ರೀಕೃತ ಬ್ಯಾಂಕುಗಳ ಕೆಳಹಂತದ ನೇಮಕದಲ್ಲಿ ಮಾಜಿ ಸೈನಿಕರ ಪಾಲಿನೊಳಗೆ ಶೇಕಡಾ 4.5 ಅಂಗವಿಕಲ ಯೋಧರಿಗೂ, ಹೋರಾಟದಲ್ಲಿ ಮಡಿದವರ ಅವಲಂಬಿತರಿಗೂ ಮೀಸಲು. ಎಲ್ಲವೂ ಕಾಗದದ ಮೇಲಿದೆ. ಆ ಕಾಗದ ಯಾವ ಭಾಷೆಯಲ್ಲಿದೆ ಎಂಬುದೇ ಪ್ರಶ್ನೆ.

ಸೇರುವಾಗ ಕನ್ನಡ, ಬಿಡುವಾಗ ಇಂಗ್ಲಿಷು!

ಇಷ್ಟು ದೊಡ್ಡ ಸೇನೆ, ಇಷ್ಟೊಂದು ಭಾಷೆ, ಎಲ್ಲರಿಗೂ ಅವರವರ ಭಾಷೆಯಲ್ಲಿ ಕೊಡಲು ಆಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ! 2025ರಲ್ಲಿ ಭೂಸೇನೆಯ ಅಗ್ನಿವೀರ್ ಪ್ರವೇಶ ಪರೀಕ್ಷೆಯನ್ನು 13 ಭಾಷೆಗಳಲ್ಲಿ ಬರೆಯಲು ಅವಕಾಶ ಕೊಟ್ಟರು, ಕನ್ನಡವೂ ಅದರಲ್ಲಿತ್ತು. ನಾವು ಅದನ್ನು ಮನಸಾರೆ ಸ್ವಾಗತಿಸುತ್ತೇವೆ. ಹುಡುಗನನ್ನು ಸೇರಿಸಿಕೊಳ್ಳುವಾಗ ಅವನ ಭಾಷೆ ನೆನಪಾಗುತ್ತದೆ. ಸೊಂಟ ಮುರಿದು ಮನೆಗೆ ಹೋಗುವಾಗ ಅದೇ ಭಾಷೆ ಮರೆತುಹೋಗುವುದು ಹೇಗೆ? ಪ್ರಶ್ನೆಪತ್ರಿಕೆಯನ್ನು ಕನ್ನಡಕ್ಕೆ ತಂದ ಕೈಗೆ ಒಂದು ಪುಟದ ತಿಳುವಳಿಕೆ ಪತ್ರ ಭಾರವೇ?

ಅಗ್ನಿವೀರ್ ಹುಡುಗರ ವಿಷಯ ಇನ್ನೂ ಸೂಕ್ಷ್ಮ. 2022ರಲ್ಲಿ ಬಂದ ಈ ಯೋಜನೆಯಲ್ಲಿ ಪಿಂಚಣಿ ಇಲ್ಲ. ಸೇವೆಯಿಂದಾದ ಅಂಗವೈಕಲ್ಯಕ್ಕೆ ಒಂದೇ ಸಲದ ಪರಿಹಾರ: 100ಕ್ಕೆ 44 ಲಕ್ಷ, 75ಕ್ಕೆ 25 ಲಕ್ಷ, 50ಕ್ಕೆ 15 ಲಕ್ಷ ರೂಪಾಯಿ. ಜೊತೆಗೆ ಉಳಿದ ಅವಧಿಯ ವೇತನ, ಸೇವಾನಿಧಿ. ಇಲ್ಲಿಯೂ 'ಸೇವೆಯಿಂದಾದ' ಎಂಬ ಮಾತೇ ಬೀಗದ ಕೈ. ಇಪ್ಪತ್ತೆರಡು ವರ್ಷದ ಹುಡುಗ ಆ ಮಾತಿನ ತೂಕ ತಿಳಿಯದೆ, ವೈದ್ಯಕೀಯ ಮಂಡಳಿಯ ಮುಂದೆ ತನ್ನ ಹೇಳಿಕೆಗೆ ಸಹಿ ಹಾಕಿದರೆ ಮುಂದಿನ ಐವತ್ತು ವರ್ಷ ಏನು ಮಾಡಬೇಕು?

ಕಾನೂನು ಏನು ಹೇಳುತ್ತದೆ ಎಂಬುದನ್ನೂ ನೋಡಿ. 1976ರ ಅಧಿಕೃತ ಭಾಷಾ ನಿಯಮಗಳ ಪ್ರಕಾರ ದೇಶವನ್ನು ಮೂರು ವಲಯ ಮಾಡಿದ್ದಾರೆ. ಹಿಂದಿ ರಾಜ್ಯಗಳ ವ್ಯಕ್ತಿಗೆ ಕೇಂದ್ರದ ಕಚೇರಿ ಹಿಂದಿಯಲ್ಲಿ ಬರೆಯಬೇಕು. ಕರ್ನಾಟಕ ಇರುವ ಮೂರನೆಯ ವಲಯದ ವ್ಯಕ್ತಿಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಒಂದೇ ಬಂಕರಿನಲ್ಲಿ ಕೂತವರು, ಒಂದೇ ಹಿಮದಲ್ಲಿ ಬೆರಳು ಕಳೆದುಕೊಂಡವರು! ಒಬ್ಬನಿಗೆ ಅವನ ಭಾಷೆಯಲ್ಲಿ ಓದುವ ಹಕ್ಕನ್ನು ನಿಯಮವೇ ಕೊಟ್ಟಿದೆ, ಇನ್ನೊಬ್ಬನಿಗೆ ಎರಡೂ ಅಲ್ಲದ ಮೂರನೆಯ ಭಾಷೆ. ಬಿಹಾರದ ಯೋಧನ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಅವನಿಗೆ ಸಲ್ಲುವುದು ಅವನಿಗೆ ಸಲ್ಲಲಿ. ನಮ್ಮವನಿಗೂ ಅಷ್ಟೇ ಸಲ್ಲಲಿ ಎನ್ನುತ್ತೇವೆ.

ಆದರೆ ಬಂಧುಗಳೇ, ಅದೇ ದೇಶದ ಸಂವಿಧಾನದ 350ನೇ ವಿಧಿ ನಮ್ಮ ಕೈಯಲ್ಲಿದೆ. ಯಾವುದೇ ಕುಂದುಕೊರತೆಯ ಪರಿಹಾರಕ್ಕಾಗಿ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಸುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ನಮ್ಮ ಯೋಧ ತನ್ನ ದೂರನ್ನು ಕನ್ನಡದಲ್ಲಿ ಬರೆದು ಕಳಿಸಬಹುದು. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಅದನ್ನು ಹಿಂದಿರುಗಿಸುವಂತಿಲ್ಲ. ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕೆಂದು ಆ ವಿಧಿ ಹೇಳುವುದಿಲ್ಲ ನಿಜ. ಅದನ್ನು ಪಡೆಯುವುದೇ ಮುಂದಿನ ಹೋರಾಟ.

ನ್ಯಾಯ ಬೇಕೆಂದರೆ ಕೊಚ್ಚಿ ಪೀಠ!

ಮೇಲ್ಮನವಿಯೂ ತಿರಸ್ಕೃತವಾದರೆ ಯೋಧ ಎಲ್ಲಿಗೆ ಹೋಗಬೇಕು? 2007ರ ಕಾಯ್ದೆಯಂತೆ ರಚನೆಯಾಗಿ 2009ರಲ್ಲಿ ಕೆಲಸ ಶುರು ಮಾಡಿದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಚೆನ್ನೈಗೆ ಅದರ ಪೀಠವಿದೆ, ಮುಂಬೈಗೆ ಇದೆ, ಕೊಚ್ಚಿಗೆ ಇದೆ. ಕರ್ನಾಟಕಕ್ಕೆ ತನ್ನದೇ ಆದ ಖಾಯಂ ಪೀಠ ಇಲ್ಲ. ನಮ್ಮನ್ನು ಕೊಚ್ಚಿ ಪೀಠದ ವ್ಯಾಪ್ತಿಗೆ ಸೇರಿಸಿದ್ದಾರೆ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡು ಇದು. ಮದ್ರಾಸ್ ಸ್ಯಾಪರ್ಸ್ ಕೇಂದ್ರ ಬೆಂಗಳೂರಿನಲ್ಲಿದೆ, ಮರಾಠಾ ಲಘು ಪದಾತಿ ದಳದ ಕೇಂದ್ರ ಬೆಳಗಾವಿಯಲ್ಲಿದೆ. ಸೇನೆಗೆ ಜಾಗ ಕೊಟ್ಟೆವು, ನೀರು ಕೊಟ್ಟೆವು, ಮಕ್ಕಳನ್ನು ಕೊಟ್ಟೆವು. ಬೀದರಿನ ಊರುಗೋಲು ಹಿಡಿದ ಯೋಧ ನ್ಯಾಯಕ್ಕಾಗಿ ಕೇರಳದ ಕರಾವಳಿಯ ಕಡೆ ನೋಡಬೇಕೇ? ನ್ಯಾಯಮೂರ್ತಿಗಳು ಬೆಂಗಳೂರಿಗೆ ಬಂದು ಸಂಚಾರಿ ಕಲಾಪ ನಡೆಸಿದರೆ ಅದು ಉಪಕಾರವೇ. ಆದರೆ ಖಾಯಂ ಪೀಠಕ್ಕೆ ಅದು ಬದಲಿಯಲ್ಲ. ನಮ್ಮ ಸಂಸದರು ಈ ವಿಷಯದಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರಬಾರದು.

ಸುಳ್ಳು ಹೇಳುವವರಿಲ್ಲವೇ?

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ತೋರಿಸಿ ಅಂಗವಿಕಲ ಪಿಂಚಣಿ ಪಡೆಯುವವರು ಹೆಚ್ಚಾಗಿದ್ದಾರೆ, ಅದಕ್ಕೇ ನಿಯಮ ಬಿಗಿ ಮಾಡಬೇಕಾಯಿತು ಎಂಬ ವಾದವಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಯಾದವು. ಅಂಗವೈಕಲ್ಯವಿದ್ದರೂ ಸೇವೆಯಲ್ಲಿ ಮುಂದುವರಿದು ನಿವೃತ್ತರಾಗುವವರಿಗೆ ಸಿಗುವುದರ ಹೆಸರೇ ಬದಲಾಗಿ 'ಇಂಪೇರ್‌ಮೆಂಟ್ ರಿಲೀಫ್' ಆಯಿತು. ಆದ್ದರಿಂದ ಆ ದಿನದ ನಂತರ ನಿವೃತ್ತರಾದವರು ಮೇಲಿನ ಲೆಕ್ಕವನ್ನು ತಮಗೆ ಹಾಗೆಯೇ ಅನ್ವಯಿಸಿಕೊಳ್ಳದೆ, ಹೊಸ ನಿಯಮವನ್ನು ತಿಳಿದವರಿಂದ ಕೇಳಿಕೊಳ್ಳಬೇಕು.

ಸುಳ್ಳು ಹೇಳುವವರು ಇರಬಹುದು. ಯಾವ ಊರಲ್ಲಿ ಇಲ್ಲ? ಆದರೆ ಯೋಚಿಸಿ. ನಿಯಮದ ಸಂದು ಹುಡುಕಿ ನುಸುಳುವವನಿಗೆ ಇಂಗ್ಲಿಷು ಚೆನ್ನಾಗಿ ಬರುತ್ತದೆ. ಯಾವ ಅರ್ಜಿಗೆ ಯಾವ ಪದ ಬರೆಯಬೇಕೆಂದು ಅವನಿಗೆ ಗೊತ್ತು. ಕಾಗದ ಓದಲಾರದೆ ಟ್ರಂಕಿನಲ್ಲಿಟ್ಟವನು ಯಾರನ್ನೂ ಮೋಸ ಮಾಡಲಾರ. ನಿಯಮ ಎಷ್ಟು ಬಿಗಿಯಾಗುತ್ತದೋ, ಅಷ್ಟೂ ಅವನ ಕುತ್ತಿಗೆಗೇ ಬಿಗಿಯಾಗುತ್ತದೆ. ಕಳ್ಳನನ್ನು ಹಿಡಿಯಿರಿ, ಬೇಡ ಎಂದವರಾರು? ಕಳ್ಳನ ಹೆಸರಿನಲ್ಲಿ ಮೂಕನನ್ನು ಹೊಡೆಯಬೇಡಿ.

ನಮ್ಮ ಹಕ್ಕೊತ್ತಾಯಗಳು

ಆಕಾಶದ ಚಂದ್ರನನ್ನು ನಾವು ಕೇಳುತ್ತಿಲ್ಲ. ನಾಲ್ಕೇ ಮಾತು.

ಒಂದು: ವೈದ್ಯಕೀಯ ಮಂಡಳಿಯ ತೀರ್ಮಾನದ ಜೊತೆಗೂ, ಪಿಂಚಣಿ ತಿರಸ್ಕಾರದ ಪತ್ರದ ಜೊತೆಗೂ ಕನ್ನಡದಲ್ಲಿ ಒಂದು ಪುಟ ಇರಬೇಕು. ಏನು ತೀರ್ಮಾನವಾಯಿತು, ಯಾಕೆ, ಒಪ್ಪದಿದ್ದರೆ ಯಾವ ದಿನದೊಳಗೆ, ಯಾರಿಗೆ ಬರೆಯಬೇಕು, ಇಷ್ಟೇ.

ಎರಡು: ವೈದ್ಯಕೀಯ ಮಂಡಳಿಯ ಮುಂದೆ ಯೋಧ ಸಹಿ ಹಾಕುವ ಮೊದಲು ಅವನ ಹೇಳಿಕೆಯನ್ನು ಅವನ ಭಾಷೆಯಲ್ಲಿ ಓದಿ ಹೇಳಬೇಕು. ಲಗ್ನಪತ್ರಿಕೆಗೆ ಸಿಗುವ ಪ್ರೂಫಿನ ಮರ್ಯಾದೆ ಯೋಧನಿಗೂ ಸಿಗಲಿ.

ಮೂರು: ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ನಮ್ಮ ರಾಜ್ಯ ಸರ್ಕಾರದ್ದೇ. 1963ರ ರಾಜ್ಯ ಭಾಷಾ ಕಾಯ್ದೆಯೂ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವೂ ಅದಕ್ಕೆ ಅನ್ವಯಿಸುತ್ತವೆ. ಅದರ ಪ್ರತಿ ಜಿಲ್ಲಾ ಕಚೇರಿಯಲ್ಲಿ ಮೇಲ್ಮನವಿಯ ಕನ್ನಡ ಮಾದರಿ, ಸೌಲಭ್ಯಗಳ ಕನ್ನಡ ಪಟ್ಟಿ, ಪತ್ರ ಓದಿ ಹೇಳುವ ಒಬ್ಬ ನೌಕರ ಇರಲೇಬೇಕು. ಇದಕ್ಕೆ ದೆಹಲಿಯ ಅಪ್ಪಣೆ ಬೇಕಾಗಿಲ್ಲ, ವಿಧಾನಸೌಧದ ಮನಸ್ಸು ಸಾಕು.

ನಾಲ್ಕು: ಬೆಂಗಳೂರಿನಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಖಾಯಂ ಪೀಠ.

ಯೋಧ ಬಂಧುಗಳೇ, ಇಂದೇ ಟ್ರಂಕು ತೆಗೆಯಿರಿ

ಸರ್ಕಾರ ಮಾಡುವವರೆಗೆ ನಾವು ಸುಮ್ಮನಿರಬೇಕಾಗಿಲ್ಲ. ಮಾಜಿ ಸೈನಿಕ ಬಂಧುಗಳೇ, ನಿಮ್ಮ ಬಿಡುಗಡೆ ಪುಸ್ತಕ, ವೈದ್ಯಕೀಯ ಮಂಡಳಿಯ ವರದಿ, ಪಿಂಚಣಿ ಆದೇಶ, ಬಂದ ಪತ್ರಗಳು ಎಲ್ಲವನ್ನೂ ಹೊರತೆಗೆಯಿರಿ. ಅಂಗವೈಕಲ್ಯ ಶೇಕಡಾ ಎಷ್ಟು ಎಂದು ಬರೆದಿದೆ ನೋಡಿ. 'ನಾನಾ' ಎಂಬ ನಾಲ್ಕಕ್ಷರ ಇದೆಯೇ ನೋಡಿ. ಪತ್ರ ಬಂದು ಇನ್ನೂ ಆರು ತಿಂಗಳಾಗಿಲ್ಲವೆಂದರೆ ಒಂದು ದಿನವೂ ತಡ ಮಾಡದೆ ಮೇಲ್ಮನವಿ ಬರೆಯಿರಿ. ಆರು ತಿಂಗಳು ಮೀರಿದ್ದರೂ ಕೈಚೆಲ್ಲಬೇಡಿ. ತಡಕ್ಕೆ ಕಾರಣ ಕೊಟ್ಟು ಕೇಳುವ ದಾರಿಯಿದೆ. ಆದರೆ ಕಳೆದ ಒಂದೊಂದು ತಿಂಗಳೂ ನಿಮ್ಮ ಬಾಕಿಯಿಂದ ಕಳೆಯುತ್ತದೆ ಎಂಬುದು ನೆನಪಿರಲಿ. ಮೂಲ ಕಾಗದವನ್ನು ಯಾರಿಗೂ ಕೊಡಬೇಡಿ, ನಕಲು ಮಾತ್ರ ಕೊಡಿ. ಇಷ್ಟು ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದು ದುಡ್ಡು ಕೇಳುವ ದಲ್ಲಾಳಿಗಳಿಂದ ದೂರವಿರಿ. ಮನೆಯಾಕೆಗೂ ಎಲ್ಲವನ್ನೂ ತಿಳಿಸಿಡಿ. ನಾಳೆ ನೀವಿಲ್ಲದಾಗ ಆ ಕಾಗದ ಹಿಡಿದು ಕಚೇರಿ ಮೆಟ್ಟಿಲು ಹತ್ತಬೇಕಾದವಳು ಆಕೆ.

ಕನ್ನಡ ಸಂಘಗಳ ಗೆಳೆಯರಿಗೆ ನನ್ನದೊಂದು ಕೋರಿಕೆ. ನವೆಂಬರಿನಲ್ಲಿ ಧ್ವಜ ಹಾರಿಸುತ್ತೇವೆ, ಆರ್ಕೆಸ್ಟ್ರಾ ಇಡುತ್ತೇವೆ, ಸಂತೋಷ. ತಿಂಗಳಿಗೊಂದು ಭಾನುವಾರ, ತಾಲ್ಲೂಕಿಗೊಂದು ಕಡೆ, ಇಂಗ್ಲಿಷು ಬಲ್ಲ ಇಬ್ಬರು ಹುಡುಗರು ಮೇಜು ಹಾಕಿ ಕೂತು, ಬಂದ ಮಾಜಿ ಸೈನಿಕರ ಪತ್ರ ಓದಿ ಹೇಳಲಿ. ಕನ್ನಡ ಸೇವೆ ಎಂದರೆ ಅದೂ ಕನ್ನಡ ಸೇವೆಯೇ. ಸೈನಿಕರ ಹಕ್ಕುಗಳನ್ನು ತಿಳಿಸುವ ಒಂದು ಪುಟದ ಕನ್ನಡ ಕರಪತ್ರವನ್ನು, ಬಲ್ಲ ವಕೀಲರಿಂದ ತಿದ್ದಿಸಿ, ನನ್ನ ಪ್ರೆಸ್ಸಿನಲ್ಲಿ ಪುಕ್ಕಟೆಯಾಗಿ ಹೊಡ್ದು ಕೊಡುತ್ತೇನೆ. ಕಾಗದದ ಖರ್ಚೂ ನನ್ನದೇ. ಹಂಚುವ ಕಾಲುಗಳು ನಿಮ್ಮವಾಗಲಿ.

ನಮ್ಮ ಹವಾಲ್ದಾರರ ಮಗಳ ಮದುವೆ ಚೆನ್ನಾಗಿ ನಡೆಯಿತು. ಧಾರೆಯ ಹೊತ್ತಿಗೆ ಅವರು ಊರುಗೋಲು ಬಿಟ್ಟು ಒಂದು ಗಳಿಗೆ ನಿಂತರು, ಆಮೇಲೆ ತಮ್ಮನ ಹೆಗಲು ಹಿಡಿದು ಕೂತರು. ಮರುವಾರ ಪ್ರೆಸ್ಸಿಗೆ ಬಂದರು. ಅವರು ಹೇಳುತ್ತಾ ಹೋದರು, ನಾನು ಕನ್ನಡದಲ್ಲಿ ಬರೆದುಕೊಂಡೆ: ಎಷ್ಟು ವರ್ಷ, ಯಾವ ದಾರಿ, ಎಷ್ಟು ಚಳಿ, ಬೆನ್ನು ಮೊದಲು ನೋಯತೊಡಗಿದ್ದು ಎಲ್ಲಿ. ಎರಡು ಪುಟವಾಯಿತು. ಕೆಳಗೆ ಸಹಿ ಹಾಕುವ ಮೊದಲು ಇಡೀ ಮನವಿಯನ್ನು ಬೆರಳಿಟ್ಟು ತಾವೇ ಓದಿದರು. ಒಂದು ಕಡೆ ನಾನು ಊರಿನ ಹೆಸರು ತಪ್ಪು ಬರೆದಿದ್ದೆ, ತಿದ್ದಿಸಿದರು.

"ನನ್ನ ಪೇಪರ್ರು ನಾನೇ ಓದಿದ್ದು ಇದೇ ಮೊದಲು ಕಣಪ್ಪಾ" ಎಂದರು.

ಆ ಮನವಿ ಈಗ ಹೋಗಿದೆ, ಜೊತೆಗೆ ವಕೀಲರು ಮಾಡಿಕೊಟ್ಟ ಇಂಗ್ಲಿಷ್ ಅನುವಾದವೂ ಹೋಗಿದೆ. ಉತ್ತರ ಬರಬೇಕು. ಬರುವ ಉತ್ತರವನ್ನೂ ಅವರೇ ಓದುವಂತಾಗಬೇಕು. ಅಲ್ಲಿಯವರೆಗೆ ಈ ಪತ್ರಿಕೆ ಸುಮ್ಮನಿರುವುದಿಲ್ಲ.

ಸಿರಿಗನ್ನಡಂ ಗೆಲ್ಗೆ!